ನಿಕ್ಕಲ್ ಹರಳಿಗೆ ಚಿಪ್ಪಿನ ಇದ್ದಿಲು

ಸೋಮವಾರ ಬೆಳಿಗ್ಗೆ ಡಬ್ಬಿ ತೆರೆದಾಗ ಹರಳುಗಳು ಮತ್ತೆ ನೀರೊಡೆದಿದ್ದವು. ಶುಕ್ರವಾರ ಸಂಜೆ ಕನ್ನಡಿಯಂತೆ ಹೊಳೆಯುತ್ತಿದ್ದ ಕಪ್ಪು ಚಕ್ಕೆಗಳು ಈಗ ಹಸಿರುಗಂದು ಅಂಟಾಗಿ ಗಾಜಿಗೆ ಮೆತ್ತಿಕೊಂಡಿದ್ದವು. ನೈಟ್ರೋಜನ್ ತುಂಬಿದ ಅಕ್ರಿಲಿಕ್ ಪೆಟ್ಟಿಗೆಯ ರಬ್ಬರ್ ಕೈಗವಸುಗಳೊಳಗೆ ಕೈ ಇಟ್ಟುಕೊಂಡೇ ಸುಮ್ಮನೆ ನಿಂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲು ಬರುವಂತಿರಲಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಅದಕ್ಕೆ ಯಾರನ್ನು ಬೈಯುವುದು?

ನಾನಿದ್ದದ್ದು ತಿಪಟೂರಿನ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಪಿಎಚ್‌ಡಿ ಕೆಲಸ. ವಿಶ್ವವಿದ್ಯಾಲಯ ನನ್ನ ನೋಂದಣಿಗೆ ಕೊಟ್ಟಿದ್ದ ಕೊನೆಯ ವಿಸ್ತರಣೆ ಓಡುತ್ತಿತ್ತು. ಆ ವರ್ಷ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು, ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಇತ್ತ ನೋಡಿದರೆ ಅಳತೆ ಮಾಡುವುದಕ್ಕೆ ಒಂದು ನೆಟ್ಟಗಿನ ಹರಳೂ ಕೈಯಲ್ಲಿರಲಿಲ್ಲ.

ಈ ಹರಳಿನ ಹೆಸರು ನಿಕ್ಕಲ್ ಅಯೊಡೈಡ್. ಕಾಗೆಬಂಗಾರದ ಹಾಗೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿರುವ ಒಂದೊಂದು ನಿಕ್ಕಲ್ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಮಾಮೂಲಿ ಬಿಸಿಯಲ್ಲಿ ಅವು ದಿಕ್ಕಿಗೊಂದು ಮುಖ ಮಾಡಿಕೊಂಡಿರುತ್ತವೆ. ವಿಪರೀತ ತಂಪಾಗಿಸಿದರೆ ಸ್ಕ್ರೂವಿನ ಸುತ್ತುಗೆರೆಯಂತೆ ಒಂದರ ಪಕ್ಕ ಒಂದು ಸ್ವಲ್ಪಸ್ವಲ್ಪವೇ ತಿರುಗಿಕೊಂಡು ಸಾಲಾಗಿ ನಿಲ್ಲುತ್ತವೆ. ಆ ಸುರುಳಿಯೇ ಹರಳಿನ ವಿದ್ಯುದಂಶಗಳನ್ನು ಒಂದು ಬದಿಗೆ ತಳ್ಳುತ್ತದೆ. ಹೀಗೆ ಒಂದೇ ಹಾಳೆಯಲ್ಲಿ ಕಾಂತೀಯ ಶಿಸ್ತು, ವಿದ್ಯುತ್ ಶಿಸ್ತು ಎರಡೂ ಇರುತ್ತವೆ, ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಲು ಬಂದರೆ ತೀರಾ ಕಡಿಮೆ ವಿದ್ಯುತ್ತಿನಲ್ಲಿ ನೆನಪಿಟ್ಟುಕೊಳ್ಳುವ ಯಂತ್ರಗಳನ್ನು ಕಟ್ಟಬಹುದು ಎಂಬುದು ಈ ಕ್ಷೇತ್ರದವರೆಲ್ಲರ ಆಸೆ.

ತೊಂದರೆ ಇರುವುದು ತಂಪಿನಲ್ಲಿ. ವಿದ್ಯುತ್ ಶಿಸ್ತು ಬರಬೇಕಾದರೆ ದ್ರವ ನೈಟ್ರೋಜನ್ನಿನ ತಂಪೂ ಸಾಲದು, ಅದಕ್ಕಿಂತ ಇನ್ನೂ ಹದಿನೆಂಟು ಡಿಗ್ರಿ ಕೆಳಗೆ ಹೋಗಬೇಕು. ನಮಗೆ ಸಿಗುತ್ತಿದ್ದುದು ದ್ರವ ನೈಟ್ರೋಜನ್ ಮಾತ್ರ, ಅದೂ ಪಶು ಆಸ್ಪತ್ರೆಯವರ ಕೃಪೆಯಿಂದ. ಹೋರಿಯ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡಲು ಅವರಿಗೆ ಅದು ಕ್ಯಾನುಗಳಲ್ಲಿ ಬರುತ್ತದೆ. ಉಳಿದದ್ದನ್ನು ನಮ್ಮ ಫ್ಲಾಸ್ಕಿಗೆ ಬಗ್ಗಿಸುವಾಗ ಅಲ್ಲಿನ ವೈದ್ಯರು ಪ್ರತಿ ಸಲವೂ, "ನೋಡಿ ಮೇಡಂ, ಹೋರಿಗೆ ಮೊದ್ಲು, ನಿಮ್ಮ ಹರಳಿಗೆ ಆಮೇಲೆ," ಎನ್ನುತ್ತಿದ್ದರು.

ನನ್ನ ಗೈಡು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಹಿರಿಯ ಪ್ರಾಧ್ಯಾಪಕರು. ಮೂಲ ತುರುವೇಕೆರೆ ಕಡೆಯವರು, ಇಂಗ್ಲಿಷಿನಲ್ಲಿ ಗಂಭೀರ, ಕನ್ನಡದಲ್ಲಿ ಪೋಲಿ. ಅವರ ಲೆಕ್ಕ ಸರಳವಾಗಿತ್ತು. ಅಯೊಡಿನ್ ದಪ್ಪ ಪರಮಾಣು. ಕೆಲವು ಅಯೊಡಿನ್ನುಗಳ ಜಾಗಕ್ಕೆ ಚಿಕ್ಕದಾದ ಬ್ರೋಮಿನ್ ಕೂರಿಸಿದರೆ ಪದರಗಳು ಹತ್ತಿರ ಸರಿಯುತ್ತವೆ, ಹೊರಗಿನಿಂದ ಒತ್ತಿದ ಹಾಗಾಗುತ್ತದೆ. ಒತ್ತಿದರೆ ಶಿಸ್ತಿನ ತಾಪಮಾನ ಏರುತ್ತದೆ ಎಂದು ಮೊದಲೇ ಗೊತ್ತಿತ್ತು.

"ಪ್ರಪಂಚದೋರೆಲ್ಲ ರೂಮ್ ಟೆಂಪರೇಚರ್ ಬೇಕು ಅಂತ ಒದ್ದಾಡ್ತಾವ್ರೆ," ಎಂದಿದ್ದರು. "ನಮಗ್ಯಾಕಮ್ಮ ಆ ಉಸಾಬರಿ? ದನದ ಡಾಕ್ಟ್ರ ಕ್ಯಾನಿಗೆ ಬಂದ್ರೆ ಸಾಕು."

ಕೆಲಸ ಹೀಗೆ: ನಿಕ್ಕಲ್ ಪುಡಿ, ಅಯೊಡಿನ್, ಒಂದಿಷ್ಟು ನಿಕ್ಕಲ್ ಬ್ರೋಮೈಡ್ ತೂಗಿ ಕ್ವಾರ್ಟ್ಜ್ ಕೊಳವೆಗೆ ಹಾಕಬೇಕು. ಒಳಗಿನ ಗಾಳಿಯನ್ನೆಲ್ಲ ಎಳೆದು, ಕೊಳವೆಯ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಬೇಕು. ಆಮೇಲೆ ಕುಲುಮೆ. ಅದರ ಒಂದು ತುದಿ ಹೆಚ್ಚು ಬಿಸಿ, ಇನ್ನೊಂದು ಕಡಿಮೆ. ಬಿಸಿ ತುದಿಯಲ್ಲಿ ಆವಿಯಾದದ್ದು ವಾರಕ್ಕೂ ಹೆಚ್ಚು ಕಾಲ ನಿಧಾನವಾಗಿ ಸಾಗಿ ತಂಪು ತುದಿಯಲ್ಲಿ ಚಕ್ಕೆಯಾಗಿ ಕೂರುತ್ತದೆ. ನಡುವೆ ಕರೆಂಟು ಹೋಗಬಾರದು. ಯುಪಿಎಸ್ ಇತ್ತು, ಆದರೆ ನಮ್ಮೂರಿನ ಕರೆಂಟು ಹೋದರೆ ಯುಪಿಎಸ್ಸಿನ ತಾಳ್ಮೆ ಮೀರುವವರೆಗೂ ಬರುವುದಿಲ್ಲ. ಮೂರು ಕೊಳವೆ ಇಟ್ಟರೆ ಒಂದರಲ್ಲಿ ಹರಳು, ಎರಡರಲ್ಲಿ ಮಸಿ. ಆ ಒಂದನ್ನೂ ಪೆಟ್ಟಿಗೆಯಲ್ಲಿ ಕಾಪಾಡಲಾಗದೆ ಕಳೆದುಕೊಳ್ಳುತ್ತಿದ್ದೆ. ತೇವ ಸೋಕಿದ ಹರಳು ಅಯೊಡಿನ್ ಆವಿ ಬಿಡುತ್ತಿತ್ತು. ಆ ಆವಿ ಪಕ್ಕದ ಹರಳನ್ನು ಕೆಡಿಸುವುದಲ್ಲದೆ ಸೂಕ್ಷ್ಮದರ್ಶಕದ ತಿರುಪುಗಳನ್ನೂ ತಿಂದುಹಾಕಿತ್ತು.

ತೇವಕ್ಕೆ ಸಿಲಿಕಾ ಜೆಲ್ ಇತ್ತು. ಅಯೊಡಿನ್ ಆವಿಗೆ ಏನು ಮಾಡುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಉತ್ತರ ಮನೆಯ ಹಿತ್ತಲಲ್ಲೇ ಇದೆ ಎನ್ನಿಸಿತು. ತೆಂಗಿನ ಚಿಪ್ಪಿನ ಇದ್ದಿಲನ್ನು ಹದಗೊಳಿಸಿ ಮಾರುವವರು ಅದಕ್ಕೆ ಬೆಲೆ ಕಟ್ಟುವುದೇ ಅದು ಎಷ್ಟು ಅಯೊಡಿನ್ ಕುಡಿಯುತ್ತದೆ ಎಂಬುದರ ಮೇಲೆ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಇಷ್ಟು ತಡವಾಗಿ ಹೊಳೆಯಿತಲ್ಲ ಎಂದು ನನ್ನ ಮೇಲೆ ನನಗೇ ನಗು ಬಂತು.

ನನ್ನ ಗಂಡನ ಮನೆ ಅರಳಗುಪ್ಪೆ ಹತ್ತಿರ, ತೋಟದ ಪಕ್ಕದಲ್ಲೇ. ಅಟ್ಟದಿಂದ ಇಳಿಸಿದ ಕಾಯಿಯನ್ನು ಒಡೆದು ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ನನ್ನ ಮಾವ ಹಾಗೇ ಮಾರುತ್ತಿರಲಿಲ್ಲ. ಹಳೆಯ ಡಾಂಬರು ಡ್ರಮ್ಮೊಂದರಲ್ಲಿ ತಾವೇ ಸುಟ್ಟು ಇದ್ದಿಲು ಮಾಡಿ ತಿಪಟೂರಿನ ಇಸ್ತ್ರಿ ಅಂಗಡಿಗಳಿಗೆ ಕೊಡುತ್ತಿದ್ದರು. ಯಾವಾಗ ಡ್ರಮ್ಮಿನ ಬಾಯಿ ಮುಚ್ಚಬೇಕು, ಯಾವಾಗ ಸುತ್ತ ಮಣ್ಣು ಮೆತ್ತಬೇಕು ಎಂಬುದರಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ. ಒಂದು ಚೀಲ ಇದ್ದಿಲು ಬೇಕು ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಕ್ಕಮ್ಮ ನಿಂಗೆ ಇದ್ಲು? ಕಾಲೇಜಲ್ಲಿ ಇಸ್ತ್ರಿ ಅಂಗ್ಡಿ ಇಡ್ತೀಯಾ?"

"ಇಲ್ಲ ಮಾವ, ನನ್ನ ಹರಳು ಕೆಡದೇ ಇರೋಕೆ."

"ಹಂಗಾರೆ ತಡಿ, ಗಟ್ಟಿ ಇರೋದ್ನೇ ಆರಿಸ್ಕೊಡ್ತೀನಿ. ಬಾಂಡ್ಲಿ ತಗಂಡ್ಬಾ."

ಅವರು ಆರಿಸಿಕೊಟ್ಟ ಇದ್ದಿಲನ್ನು ಕುಟ್ಟಿ, ಕುಲುಮೆಯಲ್ಲಿ ಹಬೆ ಹಾಯಿಸಿ ಚೆನ್ನಾಗಿ ಕಾಯಿಸಿದೆ. ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಮಾವನ ಹಳೆಯ ಪಂಚೆ ಹರಿದು ಸಣ್ಣ ಸಣ್ಣ ಗಂಟು ಕಟ್ಟಿ, ಒಂದೊಂದು ಹರಳಿನ ಡಬ್ಬಿಯಲ್ಲೂ ಒಂದೊಂದು ಇಟ್ಟೆ. ಮುಂದಿನ ಸೋಮವಾರ ಡಬ್ಬಿ ತೆರೆದರೆ ಹರಳುಗಳು ಹಾಗೇ ಹೊಳೆಯುತ್ತಿದ್ದವು. ಅದರ ಮುಂದಿನ ಸೋಮವಾರವೂ ಹೊಳೆದವು. ಕಾಲೇಜಿನ ಕಾರಿಡಾರಿನಲ್ಲಿ ಕುಣಿಯುವುದೊಂದು ಬಾಕಿ.

ಆಮೇಲೆ ಶುರುವಾಯಿತು ನೋಡಿ ಗೊಂದಲ.

ಕಾಂತೀಯ ಅಳತೆಯ ಯಂತ್ರ ಇದ್ದದ್ದು ಗೈಡಿನ ಸಂಸ್ಥೆಯಲ್ಲಿ, ಸರದಿ ಬರಲು ವಾರಗಟ್ಟಲೆ ಕಾಯಬೇಕು. ಸರದಿ ಬಂದ ದಿನ ಬೆಳಗಿನ ರೈಲಿಗೆ ಹರಳಿನ ಡಬ್ಬಿಗಳನ್ನು ಊಟದ ಕ್ಯಾರಿಯರಿನಲ್ಲಿಟ್ಟುಕೊಂಡು ಹೋದೆ. ತಂಪಾಗಿಸುವ ಮೊದಲು, ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು, ಮಾಮೂಲಿ ಬಿಸಿಯಲ್ಲೇ ಒಂದು ಸುತ್ತು ಅಳೆದೆ. ಅಲ್ಲಿ ಏನೂ ಕಾಣಬಾರದು, ನೇರವಾದ ಗೆರೆ ಬರಬೇಕು. ಪರದೆಯ ಮೇಲೆ ಬಂದದ್ದು ಕುಣಿಕೆ. ಹೊರಗಿನ ಕಾಂತಕ್ಷೇತ್ರವನ್ನು ತೆಗೆದ ಮೇಲೂ ಹರಳು ಅದರ ದಿಕ್ಕನ್ನು ನೆನಪಿಟ್ಟುಕೊಂಡಿದೆ ಎಂದು ಅದರ ಅರ್ಥ. ಅಂದರೆ ನಾವು ಹದಿನೆಂಟು ಡಿಗ್ರಿ ಏರಿಸಲು ಹೊರಟಿದ್ದ ಕಾಂತೀಯ ಶಿಸ್ತು ಎಲ್ಲ ಮಿತಿ ದಾಟಿ ನಾನು ಕೂತಿದ್ದ ಕೋಣೆಯ ಬಿಸಿಗೇ ಬಂದುಬಿಟ್ಟಿತ್ತು. ನಂಬಲಾಗಲಿಲ್ಲ. ಯಂತ್ರ ನೋಡಿಕೊಳ್ಳುವ ಹುಡುಗಿಯನ್ನು ಕರೆದು ಮತ್ತೊಂದು ಹರಳು ಹಾಕಿಸಿದೆ. ಮತ್ತೆ ಕುಣಿಕೆ.

ವಿದ್ಯುತ್ತಿನ ಕಡೆಯೂ ಹಾಗೇ ಆಯಿತು. ತಿಪಟೂರಿನಲ್ಲಿ ಹರಳಿನ ಎರಡು ಮೈಗೆ ಬೆಳ್ಳಿಯ ಅಂಟು ಬಳಿದು, ತಂತಿ ಕೊಟ್ಟು, ಪಶು ಆಸ್ಪತ್ರೆಯ ನೈಟ್ರೋಜನ್ನಿನಲ್ಲಿ ಮೆಲ್ಲಗೆ ಇಳಿಸುತ್ತ ಅದು ಎಷ್ಟು ವಿದ್ಯುದಂಶ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆದೆ. ಇಳಿಯುತ್ತ ಹೋಗುವಾಗ, ನೈಟ್ರೋಜನ್ನಿನ ತಂಪಿಗಿಂತ ಬಹಳ ಮೇಲೆಯೇ, ಗೆರೆಯಲ್ಲೊಂದು ಉಬ್ಬು ಬಂತು. ವಿದ್ಯುತ್ ಶಿಸ್ತು ಹುಟ್ಟುವಾಗ ಬರುವಂಥದೇ ಉಬ್ಬು.

ಗೈಡಿಗೆ ಫೋನಿನಲ್ಲಿ ಹೇಳಿದೆ. "ಯಾರಿಗೂ ಹೇಳ್ಬೇಡಮ್ಮ," ಎಂದರು. ಮಾರನೆಯ ವಾರದಿಂದ ಅವರೇ ಎಲ್ಲರಿಗೂ ಹೇಳತೊಡಗಿದರು.

ಒಂದೇ ಒಂದು ಸಂಗತಿ ಕೂಡಿಬರುತ್ತಿರಲಿಲ್ಲ. ಅದೇ ಕೊಳವೆಯ ಅರ್ಧ ಹರಳುಗಳನ್ನು ಗೈಡಿನ ಸಂಸ್ಥೆಯ ದುಬಾರಿ ಪೆಟ್ಟಿಗೆಯಲ್ಲಿ ಇದ್ದಿಲಿಲ್ಲದೆಯೇ ಇಟ್ಟಿದ್ದೆವು. ಅದು ತಿಪಟೂರಿನ ನಮ್ಮ ಸೋರುವ ಪೆಟ್ಟಿಗೆಗಿಂತ ಎಷ್ಟೋ ಪಾಲು ಒಣ. ಆ ಹರಳುಗಳಲ್ಲಿ ಕುಣಿಕೆಯೂ ಇಲ್ಲ, ಉಬ್ಬೂ ಇಲ್ಲ. ಇದ್ದಿಲಿಲ್ಲದೆ ಕೆಟ್ಟುಹೋದ ನಮ್ಮ ಹಳೆಯ ಹರಳುಗಳಲ್ಲೂ ಕುಣಿಕೆ ಇಲ್ಲ. ಕೆಟ್ಟದ್ದರಲ್ಲಿ ಇಲ್ಲ, ಸರಿ. ನಮಗಿಂತ ಚೆನ್ನಾಗಿ ಕಾಪಾಡಿದ್ದರಲ್ಲಿ ಯಾಕಿಲ್ಲ? ನನಗೆ ತಲೆಬುಡ ತಿಳಿಯಲಿಲ್ಲ.

ಗೈಡಿಗೆ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡರು. ಇದ್ದಿಲು ಅಯೊಡಿನ್ ಕುಡಿಯುತ್ತದೆ. ಗಾಳಿಯಲ್ಲಿರುವುದನ್ನು ಮಾತ್ರವಲ್ಲ, ಹರಳಿನ ಮೈಯಿಂದಲೂ ಸ್ವಲ್ಪ ಹೀರಿಕೊಳ್ಳುತ್ತಿರಬೇಕು. ಅಯೊಡಿನ್ ಹೋದಲ್ಲಿ ಖಾಲಿ ಜಾಗ. ಖಾಲಿ ಜಾಗವಿದ್ದಲ್ಲಿ ನಿಕ್ಕಲ್ಲುಗಳ ನಡುವಿನ ನಂಟು ಬದಲಾಗುತ್ತದೆ. ಅಂದರೆ ಬರೀ ಬ್ರೋಮಿನ್ ಅಲ್ಲ, ನಮ್ಮ ಹರಳನ್ನು ತಿದ್ದುತ್ತಿರುವುದು ಇದ್ದಿಲು. ಕಾಗದದ ಮೇಲೆ ಇದು ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಲೆಕ್ಕ ಮಾಡಿಕೊಟ್ಟ ಅವರ ಸಹೋದ್ಯೋಗಿಯೂ ಆಗಬಹುದು ಎಂದುಬಿಟ್ಟರು. ಪ್ರಬಂಧಕ್ಕೆ ಇದೊಂದೇ ಸಾಕು, ಅದಕ್ಕಿಂತ ಮೊದಲು ಪೇಪರ್ ಕಳಿಸೋಣ ಎಂದು ತೀರ್ಮಾನವಾಯಿತು. ನಾನು ಕರಡು ಬರೆಯಲು ಕೂತೆ.

ಮನೆಯಲ್ಲಿ ಈ ವಿಷಯ ಬಾಯಿ ತಪ್ಪಿ ಬಂತು. ಮಾವ ಅದನ್ನು ಕೊಬ್ಬರಿ ಮಾರ್ಕೆಟ್ಟಿಗೆ ತಲುಪಿಸಿದರು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನು ನೋಡಿಯೇ ಇರದ ವರ್ತಕರೊಬ್ಬರು ತಡೆದು ನಿಲ್ಲಿಸಿ, "ನಿಮ್ಮ ಮಾವೋರ ಇದ್ಲಿಂದ ಕರೆಂಟು ತೆಗೀತೀರಂತಲ್ಲಮ್ಮ," ಎಂದು ಕೇಳಿದರು. 

ಕರಡು ಬರೆಯುವಾಗಲೇ ನನಗೆ ಅನುಮಾನ ಶುರುವಾದದ್ದು. ಪದರದ ಹರಳಿಗೆ ದಿಕ್ಕು ಮುಖ್ಯ. ಪದರದ ಉದ್ದಕ್ಕೆ ಕಾಂತಕ್ಷೇತ್ರ ಕೊಟ್ಟರೆ ಒಂದು ಥರ, ಪದರಕ್ಕೆ ಅಡ್ಡಲಾಗಿ ಕೊಟ್ಟರೆ ಇನ್ನೊಂದು ಥರ ಇರಬೇಕು. ನಮ್ಮ ಕುಣಿಕೆ ಹೇಗೆ ತಿರುಗಿಸಿದರೂ ಒಂದೇ ಥರ ಇತ್ತು. ಇನ್ನೊಂದು ವಿಚಿತ್ರವೆಂದರೆ, ಸಣ್ಣ ಚಕ್ಕೆಯೊಂದು ತನಗಿಂತ ಎಷ್ಟೋ ಭಾರದ ಚಕ್ಕೆಗಿಂತ ದೊಡ್ಡ ಕುಣಿಕೆ ಕೊಟ್ಟಿತ್ತು. ಗೈಡಿಗೆ ಹೇಳಿದರೆ, "ಖಾಲಿ ಜಾಗಗಳು ಎಲ್ಲಾ ಕಡೆ ಒಂದೇ ಸಮ ಇರಲ್ಲಮ್ಮ," ಎಂದರು. ಇರಬಹುದು ಎನ್ನಿಸಿತು. ಪಾಠ ಮಾಡಲು ಹೋದರೆ ಹಲಗೆಯ ಮುಂದೆ ಅರ್ಧ ವಾಕ್ಯದಲ್ಲಿ ನಿಂತುಬಿಡುತ್ತಿದ್ದೆ. ಒಂದು ದಿನ ಅವರ ಮಾತು ಸರಿ, ಮರುದಿನ ಪೂರಾ ತಪ್ಪು. ನನ್ನ ಗಂಡ ಊಟಕ್ಕೆ ಕೂತಾಗ, "ಏನು ಕಣೇ, ಅನ್ನಕ್ಕೆ ಮಜ್ಜಿಗೆ ಮೇಲೆ ಸಾರು ಹಾಕ್ಕೊಂಡಿದ್ದೀಯಾ," ಎಂದಾಗಲೇ ನನಗೆ ಗೊತ್ತಾದದ್ದು.

ನಮ್ಮಲ್ಲಿ ನಿಜಕ್ಕೂ ದೊಡ್ಡದೆನ್ನುವ ಹರಳು ಒಂದೇ ಇತ್ತು, ಹೆಬ್ಬೆರಳಿನ ಉಗುರಿನಷ್ಟು ಅಗಲದ್ದು. ಪೇಪರಿನ ಎಲ್ಲ ಚಿತ್ರಗಳೂ ಅದರವೇ. ಹೊಳೆದ ಉಪಾಯ ಬಹಳ ಸಣ್ಣದು: ಹರಳಿನ ಎರಡೂ ಮೈಗೆ ಅಂಟು ಟೇಪು ಒತ್ತಿ ಮೇಲಿನ ಪದರಗಳನ್ನು ಕಿತ್ತುಹಾಕುವುದು. ಕುಣಿಕೆ ಹರಳಿನ ಸ್ವಂತದ್ದಾದರೆ ಹೋದ ಪದರದಷ್ಟು ಮಾತ್ರ ಕಡಿಮೆಯಾಗಬೇಕು. ಈ ಕ್ಷೇತ್ರದಲ್ಲಿ ದಿನಬೆಳಗಾದರೆ ಎಲ್ಲರೂ ಮಾಡುವ ಕೆಲಸವೇ ಅದು. ಆದರೆ ಸಿಪ್ಪೆ ಸುಲಿದ ಹರಳನ್ನು ಮತ್ತೆ ಕೂಡಿಸಲು ಬರುವುದಿಲ್ಲ.

"ಅದೊಂದನ್ನ ಮುಟ್ಬೇಡ," ಎಂದರು ಗೈಡು. "ರಿವ್ಯೂನೋರು ಮತ್ತೆ ಅಳೆದು ತೋರ್ಸಿ ಅಂದ್ರೆ ಏನು ಮಾಡ್ತೀಯ? ನಿನ್ನ ನೋಂದಣಿ ಮುಗೀತಾ ಬಂತು, ಗೊತ್ತಲ್ಲ?"

ಗೊತ್ತಿತ್ತು. ಅದಕ್ಕೇ ಭಯವಾಗುತ್ತಿದ್ದುದು. ಪೇಪರು ಹೋದರೆ ಪ್ರಬಂಧ, ಪ್ರಬಂಧವಾದರೆ ಪದವಿ. ಸುಲಿದು ನೋಡಿ ಏನೂ ಇಲ್ಲವೆಂದರೆ ಯಾವುದೂ ಇಲ್ಲ. ಮುಂದಿನ ಸರದಿಗೆ ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ತುಮಕೂರು ದಾಟುವವರೆಗೂ ಮುಟ್ಟಬಾರದು ಎಂದೇ ಅಂದುಕೊಂಡಿದ್ದೆ. ಸಂಸ್ಥೆಗೆ ಹೋಗಿ ಹರಳನ್ನು ಹೊರತೆಗೆದಾಗ ಮಾತ್ರ ಇದನ್ನು ತಿಳಿಯದೆ ಒಂದು ಸಾಲೂ ಬರೆಯಲಾರೆ ಅನ್ನಿಸಿತು. ಧೈರ್ಯ ಅಂತೇನಲ್ಲ, ಸಾಕಾಗಿಹೋಗಿತ್ತು. ಯಂತ್ರದ ಹುಡುಗಿ ನೋಡುತ್ತಿದ್ದಂತೆಯೇ ಪ್ಲಾಸ್ಟಿಕ್ ಚಿಮಟದಲ್ಲಿ ಹರಳು ಹಿಡಿದು, ಎರಡೂ ಮೈಗೆ ಟೇಪು ಒತ್ತಿ, ಎಳೆದೆ. ಹೊಸ ಮೈ ಥಳಥಳ ಹೊಳೆಯಿತು.

ಸುಲಿದ ಹರಳನ್ನು ಅಳೆದರೆ ನೇರವಾದ ಗೆರೆ. ಕುಣಿಕೆಯ ಸುಳಿವೂ ಇಲ್ಲ.

ಟೇಪಿನ ತುಂಡನ್ನು ಅಳೆದೆ. ಕುಣಿಕೆ ಅಲ್ಲಿತ್ತು, ಪೂರಾ.

ಹೊಸ ಟೇಪು ಅಳೆದೆವು. ಏನೂ ಇಲ್ಲ. "ಹಾಗಾದ್ರೆ ಏನು ಮೇಡಂ ಇದು?" ಎಂದು ಹುಡುಗಿ ಕೇಳಿದಳು. ಎದ್ದು ಹೋಗಿ ನೀರು ಕುಡಿದು ಬಂದೆ, ಅಷ್ಟೇ.

ಗೈಡು ಅಷ್ಟಕ್ಕೇ ಸೋಲೊಪ್ಪಲಿಲ್ಲ. ಇದ್ದಿಲು ಅಯೊಡಿನ್ ಹೀರುವುದು ಮೈಯಿಂದಲೇ ಅಲ್ಲವೇ, ಹಾಗಾಗಿ ಕಾಂತೀಯ ಶಿಸ್ತು ಮೇಲಿನ ಪದರಗಳಲ್ಲಿ ಮಾತ್ರ ಇದೆ, ಇದು ಇನ್ನೂ ದೊಡ್ಡ ಸುದ್ದಿ ಎಂದರು. ಅದೂ ಕೂಡಿಬರುತ್ತಿತ್ತು! ಆ ಹೊತ್ತಿಗೆ ಏನು ಹೇಳಿದರೂ ಕೂಡಿಬರುತ್ತಿತ್ತು, ಅದೇ ನನ್ನ ಸಂಕಟ. ತಿಪಟೂರಿಗೆ ಬಂದವಳೇ ಸುಲಿದ ಹರಳಿಗೆ ತಂತಿ ಕೊಟ್ಟು ನೈಟ್ರೋಜನ್ನಿನಲ್ಲಿ ಇಳಿಸಿದೆ. ಉಬ್ಬೂ ಮಾಯವಾಗಿತ್ತು. ಸುಲಿಯದ ಹರಳಿನ ಮೈಯಲ್ಲಿ ನಮ್ಮ ಸೋರುವ ಪೆಟ್ಟಿಗೆಯ ತೇವ ಒಂದಿಷ್ಟು ಇಳಿದಿರುತ್ತದೆ, ತಂಪಾಗುವಾಗ ಆ ನೀರೇ ಅಂಥ ಉಬ್ಬು ಕೊಡಬಲ್ಲದು. ಎರಡು ಶಿಸ್ತು ಎಂದು ನಾವು ಹಿಗ್ಗಿದ್ದೆಲ್ಲ ಹರಳಿನ ಸಿಪ್ಪೆಯಲ್ಲಿತ್ತು.

ಟೇಪನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹರಳಿನ ತುಣುಕುಗಳ ನಡುವೆ ಹೊಳಪಿಲ್ಲದ ಕರಿ ಕಣಗಳಿದ್ದವು. ಕಪ್ಪು ಹರಳಿನ ಮೇಲೆ ಅವು ಕಂಡೇ ಇರಲಿಲ್ಲ. ಕಂಡಿದ್ದರೂ ಇದ್ದಿಲ ಧೂಳು ತಾನೆ, ಇದ್ದಿಲಿಗೂ ಅಯಸ್ಕಾಂತಕ್ಕೂ ಏನು ನಂಟು ಎಂದು ಬಿಡುತ್ತಿದ್ದೆ. ಸುಮ್ಮನೆ ಕೈಗೆ ಸಿಕ್ಕ ಅಯಸ್ಕಾಂತವನ್ನು ಇದ್ದಿಲಿನ ಗಂಟಿನ ಹತ್ತಿರ ಹಿಡಿದೆ. ಗಂಟು ಕದಲಿತು. ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಸುರಿದು ಕೆಳಗೆ ಅಯಸ್ಕಾಂತ ಆಡಿಸಿದೆ. ಪುಡಿಯಲ್ಲಿ ಅಲ್ಲಲ್ಲಿ ಕಣಗಳು ಮೀಸೆಯ ಕೂದಲಿನಂತೆ ಎದ್ದು ನಿಂತು ಅದರ ಜೊತೆಗೇ ತಿರುಗಿದವು.

ಡ್ರಮ್ಮು. ಮಾವ ಚಿಪ್ಪು ಸುಡುತ್ತಿದ್ದ, ಒಳಮೈಯೆಲ್ಲ ಪಕಳೆಪಕಳೆಯಾಗಿ ತುಕ್ಕು ಏಳುತ್ತಿದ್ದ ಡ್ರಮ್ಮು. ತುಕ್ಕು ಹಾಗೇ ಇದ್ದರೆ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಇದ್ದಿಲಿನ ಜೊತೆ ಸೇರಿಸಿ ಚೆನ್ನಾಗಿ ಕಾಯಿಸಿದರೆ ಗಟ್ಟಿಯಾಗಿ ಅಂಟುವ ಕಪ್ಪು ಪುಡಿಯಾಗುತ್ತದೆ. ಆ ಕಾಯಿಸುವ ಕೆಲಸವನ್ನು ನಾನೇ ನನ್ನ ಕುಲುಮೆಯಲ್ಲಿ ಶ್ರದ್ಧೆಯಿಂದ ಮಾಡಿದ್ದೆ. ನೀರಿನ ಬದಲು ಆಮ್ಲದಲ್ಲಿ ತೊಳೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕುರ್ಚಿಯಲ್ಲಿ ಕೂತು ನಗಲು ಶುರುಮಾಡಿದೆ, ಆಮೇಲೆ ಅತ್ತುಬಿಟ್ಟೆ. ಎರಡರಲ್ಲಿ ಯಾವುದು ಮಾಡಬೇಕಿತ್ತೆಂದು ಈಗಲೂ ಗೊತ್ತಿಲ್ಲ.

ಗೈಡಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ನಾನು ಎರಡು ಕಡೆ ಭಾಷಣ ಮಾಡ್ಬಿಟ್ಟಿದ್ದೀನಲ್ಲಮ್ಮ," ಎಂದರು. ಆಮೇಲೆ, ಬೇರೆಯೇ ದನಿಯಲ್ಲಿ, "ಪೇಪರ್ ಕಳಿಸೋದು ಬೇಡ. ಆ ಎರಡೂ ಕಡೆಗೆ ನಾನೇ ಬರೀತೀನಿ. ನೀನು ಹರಳು ಬೆಳೆಸು," ಎಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು.

ಮಾವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಹಿತ್ತಲಲ್ಲಿ ಚಿಪ್ಪು ರಾಶಿ ಹಾಕುತ್ತಿದ್ದರು. ಹೇಳಿದ್ದನ್ನು ಕೇಳಿ ಕೈಯಲ್ಲಿದ್ದ ಚಿಪ್ಪನ್ನು ಕೆಳಗೆ ಹಾಕಿದರು.

"ಹಂಗಾರೆ ನನ್ನ ಇದ್ಲಿಂದ್ಲೇ ನಿನ್ನ ಕೆಲ್ಸ ಕೆಟ್ಟೋಯ್ತು ಅನ್ನು."

"ಇದ್ದಿಲು ಚೆನ್ನಾಗೇ ಇದೆ ಮಾವ. ಹರಳು ಉಳಿದಿದ್ದು ಅದರಿಂದಲೇ. ಡ್ರಮ್ಮಿನ ತುಕ್ಕು ಸೇರ್ಕೊಂಡಿದೆ, ಅಷ್ಟೇ."

"ಇಸ್ತ್ರಿಯೋರು ಒಂದಿನ ಒಂದು ಮಾತು ಅಂದಿಲ್ಲ ಕಣಮ್ಮ ನನ್ನ ಇದ್ಲಿಗೆ."

ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಹಳೆಯ ಮಣ್ಣಿನ ಹರವಿಯೊಂದರಲ್ಲಿ ಚಿಪ್ಪು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಬೆಂಕಿ ಹಾಕುತ್ತಿದ್ದರು.  ಆ ಇದ್ದಿಲನ್ನು ಕಾಯಿಸಿ, ಆಮ್ಲದಲ್ಲಿ ತೊಳೆದು, ಅಯಸ್ಕಾಂತ ಆಡಿಸಿ ನೋಡಿಯೇ ಡಬ್ಬಿಗೆ ಇಟ್ಟೆ.

ಮತ್ತೆ ಕೊಳವೆ, ಮತ್ತೆ ಕುಲುಮೆ, ಮತ್ತೆ ಕರೆಂಟಿನ ಕಾಟ. ಈ ಸಲ ಬ್ರೋಮಿನ್ ಇಲ್ಲದ್ದು, ಸ್ವಲ್ಪ ಇದ್ದದ್ದು, ಹೆಚ್ಚು ಇದ್ದದ್ದು ಹೀಗೆ ಮೂರು ಬಗೆಯ ಹರಳು ಬೆಳೆಸಿದೆ. ಪ್ರತಿಯೊಂದನ್ನೂ ಅಳೆಯುವ ಮುನ್ನ ಸುಲಿದೆ. ಗೈಡಿನ ಸಂಸ್ಥೆಯಲ್ಲಿ ಹೀಲಿಯಂ ಹಾಕಿ ನೈಟ್ರೋಜನ್ನಿಗಿಂತಲೂ ಬಹಳ ಕೆಳಗೆ ಇಳಿಸಿ ಕಾಂತ, ವಿದ್ಯುತ್ ಎರಡನ್ನೂ ಅಳೆದೆವು. ಬ್ರೋಮಿನ್ ಇಲ್ಲದ್ದು ಎಲ್ಲಿ ಬರಬೇಕೋ ಅಲ್ಲೇ ಬಂತು. ಸ್ವಲ್ಪ ಬ್ರೋಮಿನ್ ಇದ್ದದ್ದು ಏರುತ್ತದೆ ಎಂದು ನೋಡುತ್ತಿದ್ದರೆ, ಗೆರೆ ಆ ತಾಪಮಾನವನ್ನು ಸುಮ್ಮನೆ ದಾಟಿ ಇನ್ನೂ ಕೆಳಗೆ ಹೋಗಿ ಬಾಗಿತು. ಹೆಚ್ಚು ಬ್ರೋಮಿನ್ ಇದ್ದದ್ದು ಇನ್ನೂ ಕೆಳಗೆ. ಏರಿಸಲು ಹೊರಟವರು ಇಳಿಸಿದ್ದೆವು. ಪದರಗಳೇನೋ ಹತ್ತಿರ ಬಂದಿದ್ದವು, ಆದರೆ ಬ್ರೋಮಿನ್ ನಿಕ್ಕಲ್ಲುಗಳ ನಡುವಿನ ಮಾತನ್ನೇ ಮೆತ್ತಗೆ ಮಾಡಿಬಿಟ್ಟಿತ್ತು.

ವಿಚಿತ್ರವೆಂದರೆ ನನಗೆ ದುಃಖವಾಗಲಿಲ್ಲ. ದಿಕ್ಕು ಬದಲಿಸಿ ಅಳೆದರೆ ಬದಲಾಗುತ್ತಿತ್ತು. ಭಾರದ ಚಕ್ಕೆಯಲ್ಲಿ ಹೆಚ್ಚು, ಹಗುರದ್ದರಲ್ಲಿ ಕಡಿಮೆ ಇತ್ತು. ಮತ್ತೊಮ್ಮೆ ಸುಲಿದರೂ ಅಲ್ಲೇ ಬಾಗುತ್ತಿತ್ತು. ಗೈಡು ಪರದೆ ನೋಡಿ, "ದನದ ಡಾಕ್ಟ್ರಿಗೆ ಇನ್ನೂ ದೂರ ಆದ್ವಿ," ಎಂದರು. ಆಮೇಲೆ, "ಇದನ್ನ ಬರಿ," ಎಂದರು. ಪ್ರಬಂಧದ ಶೀರ್ಷಿಕೆಯಲ್ಲಿದ್ದ ಹೆಚ್ಚಳ ಎಂಬ ಮಾತನ್ನು ತೆಗೆಸಲು ಸಮಿತಿಯ ಮುಂದೆ ಹೋಗಿ ನಿಂತು, ಬೈಸಿಕೊಂಡು, ವಿಸ್ತರಣೆ ಮುಗಿಯುವ ಮೊದಲೇ ಸಲ್ಲಿಸಿದೆ. ಇದ್ದಿಲಿನ ಪ್ರಕರಣಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟೆ.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಕೊನೆಗೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದಿಟ್ಟು ಕನ್ನಡದಲ್ಲೇ ಕೇಳಿದರು: "ಅಂದರೆ ನೀವು ಶುರು ಮಾಡುವಾಗ ಏನಂದುಕೊಂಡಿದ್ದಿರೋ ಅದು ತಪ್ಪು. ಅಲ್ಲವೇನಮ್ಮ?"

"ಹೌದು ಸರ್," ಎಂದೆ. "ತಪ್ಪು."

"ನಡುವೆ ಸಿಕ್ಕಿತು ಅಂದುಕೊಂಡದ್ದೂ ತಪ್ಪು."

"ಅದೂ ತಪ್ಪು ಸರ್."

ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮಾವ ಕಾರಿಡಾರಿನಲ್ಲಿ ನನ್ನ ಮುಖ ನೋಡದೆ, "ಹೋಗ್ಲಿ ಬುಡಮ್ಮ. ಪಾಠ ಹೇಳೋ ಕೆಲ್ಸ ಐತಲ್ಲ," ಎಂದರು. ನನಗೂ ಏನಾಗುತ್ತದೆಂದು ತಿಳಿದಿರಲಿಲ್ಲ.  ಬಾಗಿಲು ತೆರೆದು ಗೈಡು ಹೊರಗೆ ಬಂದು, "ಬನ್ನಿ ಡಾಕ್ಟ್ರೇ, ಒಳಗೆ ಕರೀತಾವ್ರೆ," ಎಂದಾಗ ಅದು ಯಾರಿಗೆ ಹೇಳಿದ್ದೆಂದು ತಿಳಿಯದೆ ನಾನು ಹಿಂದೆ ತಿರುಗಿ ನೋಡಿದೆ.

ಊರಿಗೆ ವಾಪಸು ಬರುವಾಗ ರೈಲಿನಲ್ಲಿ ಮಾವ ಕಿಟಕಿ ಪಕ್ಕ ಕೂತಿದ್ದರು. ಗುಬ್ಬಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಕಣಮ್ಮ, ತಪ್ಪು ಅಂತ ಒಪ್ಕಂಡ್ರೂ ಕೊಡ್ತಾರಾ ಅದನ್ನ?"

"ಕೊಟ್ರಲ್ಲ ಮಾವ."

"ಹಂಗಾರೆ ಮೊದ್ಲೇ ಒಪ್ಕಂಡುಬುಡೋದಲ್ವಾ? ಇಷ್ಟು ವರ್ಸ ಯಾಕೆ ಒದ್ದಾಡ್ದೆ?"

"ಏನಂತ ಒಪ್ಕೊಬೇಕು ಅಂತಾನೇ ಗೊತ್ತಿರಲಿಲ್ಲ ಮಾವ," ಎಂದೆ.